ಸಿದ್ದಮ್ಮನ ಭುಜ

ಆಗ ನಾನು ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನ ಕಲಿಸುತ್ತಿದ್ದೆ. ಪುರಾವೆ ಇಲ್ಲದೆ ಯಾವ ಚಿಕಿತ್ಸೆಯನ್ನೂ ನಂಬಬೇಡಿ ಎಂದು ದಿನಾ ಹೇಳುತ್ತಿದ್ದೆ. ಅದನ್ನು ಮನಸ್ಸಿಗೆ ಹಚ್ಚಿಕೊಂಡ ಒಬ್ಬ ವಿದ್ಯಾರ್ಥಿನಿ, ತನ್ನ ಪ್ರಬಂಧಕ್ಕಾಗಿ ತಿಗನಾರೆ ಎಂಬ ಹಳ್ಳಿಯಲ್ಲಿ ಭುಜ ಬಿಗಿದು ಕೈ ಎತ್ತಲಾಗದ ಹೆಂಗಸರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದಳು. ಒಂದು ಗುಂಪಿಗೆ ವ್ಯಾಯಾಮ. ಇನ್ನೊಂದಕ್ಕೆ ಮೂರು ತಿಂಗಳು ಕೈ ಎಷ್ಟು ಏಳುತ್ತದೆಂಬ ಅಳತೆ ಮಾತ್ರ, ವ್ಯಾಯಾಮ ಆಮೇಲೆ.

ಎರಡನೇ ಗುಂಪಿನ ಸಿದ್ದಮ್ಮನ ಮನೆಗೆ ನಾನೇ ಒಮ್ಮೆ ಹೋದೆ. ಆಕೆ ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಏರಿಸುತ್ತಿದ್ದಳು. ಮೊದಲ ಗುಂಪಿನಲ್ಲಿದ್ದ ಪಕ್ಕದ ಮನೆಯವಳನ್ನು ನೋಡಿ ಕಲಿತಿದ್ದಳಂತೆ.

"ನೋಡವ್ವ, ಕೈ ಕಿವಿಗಂಟ ಬತ್ತದ. ಇನ್ನೊಸಿ ಬಂದ್ರೆ ನನ್ ತುರುಬ ನಾನೇ ಕಟ್ಕತೀನಿ," ಅಂದಳು.

ನನಗೆ ಕಂಡದ್ದು ಕೆಟ್ಟುಹೋಗುತ್ತಿದ್ದ ಅಧ್ಯಯನ ಮಾತ್ರ. "ಈಗ ನಿಲ್ಲಿಸಿಬಿಡಿ ಅಮ್ಮ. ನಿಮ್ಮ ಸರದಿ ಬಂದಾಗ ನಾವೇ ಕಲಿಸುತ್ತೇವೆ," ಅಂದೆ.

"ಮಾಡುದ್ರೆ ಕೆಟ್ಟದಾದದಾ?" ಎಂದು ಗಾಬರಿಯಿಂದ ಕೇಳಿದಳು.

ಇಲ್ಲ ಅನ್ನಬಹುದಿತ್ತು. ಹೌದೆಂಬಂತೆ ತಲೆಯಾಡಿಸಿದೆ.

ಆ ಮೂರು ತಿಂಗಳು ಮುಗಿದ ಮೇಲೆ ಹೋದಾಗ ಕೈ ಎದೆಮಟ್ಟ ದಾಟುತ್ತಿರಲಿಲ್ಲ. ದಿನಾ ಬಾಚಲು ಪುರುಸೊತ್ತಿಲ್ಲವೆಂದು ಸೊಸೆ ಆಕೆಯ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿದ್ದಳು.

"ನೀವು ಏಳ್ದಂಗೇ ಬುಟ್ಬುಟ್ಟೆ ಕಣವ್ವ. ಒಂದ್ ದಿನಾನೂ ಮಾಡ್ನಿಲ್ಲ," ಅಂದಳು, ನಾನು ಮೆಚ್ಚುತ್ತೇನೆಂದು ಕಾಯುತ್ತಾ.

ಅಂದೇ ಕೂತು ಕಲಿಸಿದೆ. ಆಮೇಲೂ ಎಷ್ಟೋ ಸಲ ಹೋದೆ. ಕೈ ಮತ್ತೆ ಕಿವಿಯವರೆಗೆ ಏಳಲೇ ಇಲ್ಲ.

ಎರಡು ಗುಂಪುಗಳ ವ್ಯತ್ಯಾಸ ಬಹಳ ಸ್ಪಷ್ಟವಾಗಿದೆ ಎಂದು ಪರೀಕ್ಷಕರು ಹೊಗಳಿದರು. ಅದು ಅಷ್ಟು ಸ್ಪಷ್ಟವಾದದ್ದು ಹೇಗೆಂದು ಅವರು ಕೇಳಲಿಲ್ಲ. ಪುರಾವೆಯ ಪಾಠ ಮಾಡುವ ನಾನೂ ಹೇಳಲಿಲ್ಲ.