ಬ್ಯಾಡ್ಜಿನ ಮೇಲಿನ ಹೆಸರು

ಅರಬ್ ನಾಡಿನ ದೋಹಾದಲ್ಲಿ, ವೆಸ್ಟ್ ಬೇ ಬಡಾವಣೆಯ ಹೋಟೆಲೊಂದರಲ್ಲಿ ವಿಚಾರಸಂಕಿರಣವಿತ್ತು. ಬ್ಯಾಡ್ಜ್ ಕೊಡುವ ಮೇಜಿನಲ್ಲಿ ನಾನಿದ್ದೆ. ಅಮೆರಿಕದಿಂದ ಬಂದ ಪ್ರೊಫೆಸರಮ್ಮ ಒಬ್ಬರು ಬಗ್ಗಿ, "ನನ್ನ ಮನೆತನದ ಹೆಸರು ತೆಗೀತೀರಾ? ಅದನ್ನ ಓದಿದವರಿಗೆ ನಾನು ಯಹೂದಿ ಅಂತ ಗೊತ್ತಾಗುತ್ತೆ. ನಮ್ಮ ಯೂನಿವರ್ಸಿಟಿಯಲ್ಲೇ ನನ್ನ ಕೋಣೆ ಬಾಗಿಲ ಮೇಲೆ ಹೊಲಸು ಬರೆದಿದ್ರು," ಎಂದರು. ಪೂರ್ತಿ ಹೆಸರಿರಬೇಕೆಂಬ ನಿಯಮ ಮುರಿದು, ಹೆದರುತ್ತಲೇ ಅರ್ಧ ಹೆಸರು ಮುದ್ರಿಸಿಕೊಟ್ಟೆ.

ಊಟದ ಹೊತ್ತಿಗೆ ಅವರೇ ವಾಪಸ್ ಬಂದರು. "ಮೂರು ಜನ ಮನೆತನದ ಹೆಸರು ಕೇಳಿದ್ರು, ಮೂರು ಸಲ ಸುಳ್ಳು ಹೇಳಿದೆ. ಸಾಕು, ಪೂರ್ತಿ ಹಾಕಿ."

ನಾನು ದನಿ ತಗ್ಗಿಸಿದೆ. "ಮೇಡಂ, ಯಾರಾದ್ರೂ ಏನಾದ್ರೂ ಅಂದ್ರೆ?"

"ಅನ್ನಲಿ."

ಸಭೆಯಲ್ಲಿ ಪಕ್ಕದವನೊಬ್ಬ ಅವರ ಹೊಸ ಬ್ಯಾಡ್ಜ್ ಓದಿ, ಎದ್ದು ಬೇರೆಡೆ ಹೋಗಿ ಕೂತ. ಅವರ ಮುಖ ಬಿಳಿಚಿತು. ಬಾಗಿಲಲ್ಲಿ ನಿಂತಿದ್ದ ನಾನು ಏನೂ ಯೋಚಿಸದೆ ಆ ಕುರ್ಚಿಗೆ ಹೋಗಿ ಕೂತೆ. ಎರಡು ಗಂಟೆ ನಡೆದ ಭಾಷಣದಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ, ತಲೆ ಮಾತ್ರ ಚೆನ್ನಾಗಿ ಆಡಿಸಿದೆ.