ಮಂಜುಗಡ್ಡೆಯ ಥರ್ಮಾಸ್, ಕುರ್ಲಾದಿಂದ ದಹಿಸರ್‌ಗೆ

ಮಿರಜದಲ್ಲಿ ಗಾಡಿ ಬದಲಿಸಿ ಮರುದಿನ ಬೆಳಿಗ್ಗೆ ದಾದರ್‌ನಲ್ಲಿ ಇಳಿದಾಗ, ಡಿಸೆಂಬರ್ ಆದರೂ ಧಾರವಾಡದ ಸ್ವೆಟರಿನೊಳಗೆ ಬೆವೆತುಬಿಟ್ಟೆ. ಕರೆದೊಯ್ಯಲು ಬಂದಿದ್ದ ಸುಲಭಾಳ ಕೈಯಲ್ಲಿ ದೊಡ್ಡ ಥರ್ಮಾಸ್ ಇತ್ತು. ಚಹಾ ಇರಬಹುದೆಂದುಕೊಂಡೆ. ಒಳಗಿದ್ದದ್ದು ಮಂಜುಗಡ್ಡೆ.

ಸುಲಭಾ ಬೆಳಗಾವಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬೆಳೆದ ಮರಾಠಿ ಹುಡುಗಿ. ಈಗ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ತಿಂಗಳ ಹಿಂದೆ ಹಣಮಂತ ಎಂಬ ಕಟ್ಟಡ ಕೂಲಿಯ ಮುರಿದ ಕಾಲು ಕೂಡಿಸುವಾಗ ಅನಿಲ ಕೊಟ್ಟವಳು ಅವಳೇ. ಅವನ ದವಡೆ ಬಿಗಿದು, ಮೈ ಮರದಂತೆ ಸೆಟೆದು, ಜ್ವರ ಏರುತ್ತಲೇ ಹೋಯಿತು. ಮೈಮೇಲೆಲ್ಲ ಮಂಜುಗಡ್ಡೆ ಹಾಕಿದರೂ ಉಳಿಯಲಿಲ್ಲ. ಆಮೇಲೆ ಅವಳು ಪರದೇಶದ ವೈದ್ಯಪತ್ರಿಕೆಗಳನ್ನು ತರಿಸಿ ಓದಿದಳು. ಎಲ್ಲರಿಗೂ ಒಗ್ಗುವ ಆ ಅನಿಲ ಕೆಲವು ಮನೆತನಗಳ ಸ್ನಾಯುಗಳಿಗೆ ವಿಷವಾಗುತ್ತದೆಂದು ಅವುಗಳಲ್ಲಿತ್ತು. ಸ್ನಾಯುವಿನಿಂದ ರಕ್ತಕ್ಕೆ ಸೋರುವ ಒಂದು ವಸ್ತುವನ್ನು ಅಳೆದರೆ ಮನೆಯವರಲ್ಲಿ ಯಾರಿಗೆ ಅಪಾಯವಿದೆಯೆಂಬ ಸುಳಿವು ಸಿಗಬಹುದು. ಹಣಮಂತನ ಮನೆಯವರದು ಬಾಗಲಕೋಟೆ ಕಡೆಯ ಕನ್ನಡ, ಸುಲಭಾಳದು ಅರೆಬರೆ ಕನ್ನಡ. ಅದಕ್ಕೇ ಧಾರವಾಡದಲ್ಲಿ ನಾನು ಕಲಿಸುವ ಶಾಲೆಗೆ ರಜೆ ಬಿಟ್ಟ ಕೂಡಲೇ ನನ್ನನ್ನು ಕರೆಸಿಕೊಂಡಿದ್ದಳು.

ಲೋಕಲ್ ಹಿಡಿದು ಕುರ್ಲಾಕ್ಕೆ ಹೋದೆವು. ಚಾಳಿನ ಖೋಲಿಯಲ್ಲಿ ಹಣಮಂತನ ತಾಯಿ ಯಲ್ಲವ್ವ ಅಕ್ಕಿ ಆರಿಸುತ್ತಿದ್ದಳು. ನಾನು ಬಂದ ಕಾರಣ ಹೇಳಿದೆ. ಅವಳು ತಲೆ ಎತ್ತಲಿಲ್ಲ.

“ದವಾಖಾನಿಯವ್ರು ಮಗನ್ನ ಕೊಂದ್ರು. ಈಗ ನಮ್ಮ ರಕ್ತಾನೂ ಬೇಕೇನು?”

ಸುಲಭಾ ಅವಳೆದುರು ನೆಲದ ಮೇಲೆ ಕೂತಳು. “ಅವ್ವಾ, ದೂಸ್ರಾ ಕೋಯೀ ನಹೀ. ಗ್ಯಾಸ್ ಕೊಟ್ಟಿದ್ದು ನಾನೇ. ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗ್ಯದ.”

ಯಲ್ಲವ್ವ ಮೊರ ಬದಿಗಿಟ್ಟಳು.

“ಇಷ್ಟು ದಿನ ಯಾರೂ ಹಿಂಗ ಬಂದು ಹೇಳಿದ್ದಿಲ್ಲ,” ಎಂದಳು. ಆಮೇಲೆ, “ನನ್ನ ಮಗಳು ಗಂಗವ್ವ ದಹಿಸರದಾಗ ಅದಾಳ. ಒಂಬತ್ತ ತಿಂಗಳ ತುಂಬ್ಯಾವ. ಆಕೀಗೂ ಹಿಂಗ ಆಗತೈತೇನು?”

“ಅದನ್ನೇ ನೋಡಬೇಕು,” ಎಂದಳು ಸುಲಭಾ.

ಯಲ್ಲವ್ವ ಕೈ ಚಾಚಿದಳು.

ಕಿರಿಯ ಮಗ ಬಸಪ್ಪ ವಿಲೆ ಪಾರ್ಲೆಯ ಉಡುಪಿ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಮಾಲೀಕ ಶೆಟ್ಟರು ನಮಗೆ ಇಡ್ಲಿ ಕೊಡಿಸಿ, “ಹೆದರ್ಬೇಡ ಮಾರಾಯ, ಸ್ವಲ್ಪ ರಕ್ತ ಅಷ್ಟೇ ಅಲ್ವಾ,” ಎಂದು ಅವನ ಪಕ್ಕದಲ್ಲೇ ನಿಂತರು. ಅಲ್ಲಿಂದ ದಹಿಸರ್. ಗಂಗವ್ವ ನಮ್ಮನ್ನು ಕಂಡದ್ದೇ ಮಂಚ ಬಿಟ್ಟುಕೊಟ್ಟಳು. ಅವಳ ರಕ್ತವನ್ನೂ ಸೀಸೆಗೆ ತುಂಬಿ, ಮಂಜುಗಡ್ಡೆ ಕರಗುವ ಮೊದಲೇ ಪರೀಕ್ಷೆಗೆ ಮುಟ್ಟಿಸಬೇಕೆಂದು ಸಂಜೆಯ ನೂಕುನುಗ್ಗಲಿನಲ್ಲಿ ಸುಲಭಾ ಥರ್ಮಾಸನ್ನು ಎದೆಗವಚಿಕೊಂಡು ದಾದರ್‌ವರೆಗೂ ನಿಂತೇ ಬಂದಳು.

ಎರಡು ದಿನಗಳ ಬಳಿಕ ಫಲಿತಾಂಶ ಬಂತು. ಯಲ್ಲವ್ವ, ಬಸಪ್ಪ ಇಬ್ಬರದೂ ಸಾಮಾನ್ಯ. ಗಂಗವ್ವನದು ಹಲವು ಪಟ್ಟು ಹೆಚ್ಚು. ಸುಲಭಾ ಊಟ ಬಿಟ್ಟು ದಹಿಸರದ ಹೆರಿಗೆ ಆಸ್ಪತ್ರೆಗೆ ಓಡಿದಳು. ಅಲ್ಲಿನ ಡಾಕ್ಟರು ಹಿರಿಯರು. “ಇಂಥ ಕಾಯಿಲೆ ನಾನು ಕೇಳಿಯೇ ಇಲ್ಲ,” ಎಂದರು. ಅವಳು ವಾದ ಮಾಡಲಿಲ್ಲ. ಪತ್ರಿಕೆಗಳನ್ನು ಮುಂದಿಟ್ಟು, ಹಣಮಂತನಿಗೆ ನಿಮಿಷ ನಿಮಿಷಕ್ಕೂ ಏನಾಯಿತೆಂದು ಹೇಳಿದಳು. ತನ್ನ ತಪ್ಪನ್ನು ಸಣ್ಣದು ಮಾಡಲಿಲ್ಲ. ಅವರು ಕನ್ನಡಕ ತೆಗೆದು, “ಹೆರಿಗೆಗೆ ನೀವೇ ಬನ್ನಿ,” ಎಂದರು.

ಮರುದಿನವೇ ಕರೆ ಬಂತು. ಮಗು ಅಡ್ಡ ತಿರುಗಿತ್ತು, ಹೊಟ್ಟೆ ಕೊಯ್ದೇ ತೆಗೆಯಬೇಕಿತ್ತು. ಸುಲಭಾ ಅನಿಲದ ಯಂತ್ರವನ್ನು ಕೋಣೆಯಿಂದಲೇ ಹೊರಗಿರಿಸಿ, ಎಚ್ಚರ ತಪ್ಪಿಸದೆ ಕೆಳಮೈಯನ್ನಷ್ಟೇ ಮರಗಟ್ಟಿಸುವ ಮದ್ದನ್ನು ಸೂಜಿಯಿಂದ ಬೆನ್ನುಮೂಳೆಯೊಳಗೆ ಹಾಕಿದಳು. ನಾನೂ ಯಲ್ಲವ್ವನೂ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಅವಳು ನನ್ನ ಮೊಣಕೈ ಹಿಡಿದಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಳಗೆ ಕೂಸು ಅತ್ತಿತು. ಆದರೂ ಅವಳು ಕೈ ಸಡಿಲಿಸಲಿಲ್ಲ. ಸುಲಭಾ ಹೊರಬಂದು, “ಗಂಗವ್ವ ಮಾತಾಡ್ಲಿಕ್ಕೆ ಹತ್ಯಾಳ. ನೀರು ಕೇಳ್ತಾಳೆ,” ಎಂದ ಮೇಲೆಯೇ ಬಿಟ್ಟಳು.

ನಾನು ಊರಿಗೆ ಹೊರಟ ದಿನ ನನ್ನನ್ನು ಕಳಿಸಲು ಸುಲಭಾ ಬರಲಿಲ್ಲ. ತಾಯಿಯ ರಕ್ತ ಸಾಮಾನ್ಯವಾದ್ದರಿಂದ ದೋಷ ತೀರಿಹೋದ ತಂದೆಯ ಕಡೆಯಿಂದ ಬಂದಿರಬಹುದೆಂದು ಅವಳ ಲೆಕ್ಕ. ಭಾಂಡೂಪಿನಲ್ಲಿ ತನ್ನ ಗಂಡನ ತಮ್ಮ, ಅವನ ನಾಲ್ವರು ಮಕ್ಕಳು ಇದ್ದಾರೆಂದು ಯಲ್ಲವ್ವ ಹೇಳಿದ್ದಳು. ಅವರು ಡಾಕ್ಟರನ್ನು ಕಂಡರೆ ಬಾಗಿಲು ಹಾಕಿಕೊಳ್ಳುವವರಂತೆ. “ನಾನಽ ಕರ್ಕೊಂಡು ಹೋಗ್ತೀನಿ. ನನ್ನ ಮುಂದ ಹೆಂಗ ಬಾಗಲಾ ಹಾಕ್ತಾರ ನೋಡೋಣು,” ಎಂದು ಯಲ್ಲವ್ವ ಬೆಳಿಗ್ಗೆಯೇ ಬಂದು ಸುಲಭಾಳನ್ನು ಎಬ್ಬಿಸಿಕೊಂಡು ಹೋಗಿದ್ದಳು. ನನ್ನ ಗಾಡಿ ಭಾಂಡೂಪ್ ನಿಲ್ದಾಣವನ್ನು ನಿಲ್ಲದೆ ದಾಟಿತು. ಜನರ ನಡುವೆ ಅವರಿಬ್ಬರನ್ನು ಹುಡುಕಿದೆ, ಕಾಣಲಿಲ್ಲ.