ಕಾಳಮ್ಮನ ಪುಟದಲ್ಲಿ ಬರೆದ ದೇಶ

ಕಾಳಮ್ಮನ ಹಾಡಿಯ ಜನಕ್ಕೆ ಸಲ್ಲಬೇಕಾಗಿದ್ದ ಒಂದು ಪುಟವನ್ನು ನಾನು ಪೂರ್ವ ಜರ್ಮನಿಗೆ ಕೊಟ್ಟುಬಿಟ್ಟೆ. ಹೀಗೆ ಬರೆದರೆ ನಗು ಬರುತ್ತದೆ — ನನಗೇ ಬರುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಪಂಚಾಯಿತಿಯ ಸೆಕ್ರೆಟರಿ, ಮೈಸೂರಿನಿಂದಾಚೆ ಕಾಲಿಡದವನು, ಯೂರೋಪಿನ ಒಂದು ದೇಶಕ್ಕೆ ಕೊಡುವುದಾದರೂ ಏನು? ಆದರೆ ಕೊಟ್ಟದ್ದು ನಿಜ. ಯಾರದ್ದನ್ನು ಕೊಟ್ಟೆ ಎಂಬುದೂ ನಿಜ. ಇಷ್ಟು ವರ್ಷ ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮಲ್ಲಿ ಸಭೆ ನಡೆಯುತ್ತಿದ್ದ ರೀತಿಯನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸದಸ್ಯರೆಲ್ಲ ಜಮೀನುದಾರರು, ಕೂತು ಬರೆಸುವ ಪುರುಸೊತ್ತಿಲ್ಲದವರು. ಬರುತ್ತಿದ್ದರು, ಮಾತಾಡುತ್ತಿದ್ದರು, ನಡವಳಿ ಪುಸ್ತಕದ ಖಾಲಿ ಪುಟದ ಕೆಳಗೆ ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಿ ಹೊಲಕ್ಕೆ ಹೋಗುತ್ತಿದ್ದರು. ಮೇಲಿನದನ್ನು ಆಮೇಲೆ ಕಚೇರಿ ಭಾಷೆಯಲ್ಲಿ ತುಂಬಿಸುವುದು ನನ್ನ ಕೆಲಸ. ಇದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ಕಾಕನಕೋಟೆ ಕಾಡಿನ ಅಂಚಿಗೆ ಇಪ್ಪತ್ತೆರಡು ಗುಡಿಸಲುಗಳ ಹಾಡಿ ಇತ್ತು. ಜೇನು ಕುರುಬರು. ಒಂದಿಷ್ಟು ರಾಗಿ ಚೆಲ್ಲಿಕೊಂಡು, ಜೇನು ಗೆಡ್ಡೆ ತಂದುಕೊಂಡು, ಉಳಿದ ದಿನ ಗೌಡರ ಹೊಲದಲ್ಲಿ ಕೂಲಿ ಮಾಡುತ್ತಿದ್ದರು. ಯಾವ ಕಾಗದದಲ್ಲೂ ಅದೊಂದು ಊರೆಂದು ಇರಲಿಲ್ಲ. ಕಾಡಿನ ಗುಡಿಸಲುಗಳನ್ನು ತೆರವು ಮಾಡಿಸುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಹಾಡಿಯ ಯಜಮಾನನ ಮಗಳು ಕಾಳಮ್ಮ ನನ್ನನ್ನು ಹುಡುಕಿಕೊಂಡು ಬಂದಳು. ಇಲ್ಲಿ ತಲೆಮಾರಿನಿಂದ ಜನ ವಾಸವಿದ್ದಾರೆ ಎಂದು ಪಂಚಾಯಿತಿ ನಿರ್ಣಯ ಮಾಡಿ ತಾಲ್ಲೂಕು ಕಚೇರಿಗೆ ಕಳಿಸಿದರೆ ಅವರನ್ನು ಕದಲಿಸುವುದು ಸುಲಭವಲ್ಲ ಎಂದು ನಾನೇ ಅವಳಿಗೆ ಹೇಳಿಕೊಟ್ಟೆ. ಹೌದು, ದಾರಿ ತೋರಿಸಿದವನೂ ನಾನೇ.

ಚೇರ್ಮನ್ನರಾಗಿದ್ದ ಚನ್ನೇಗೌಡರು ಒಪ್ಪುವ ಆಸಾಮಿಯಲ್ಲ. ಹಾಡಿ ಊರಾದರೆ ಅದಕ್ಕೆ ಬಾವಿ ಬೇಕು, ಸ್ಕೂಲು ಬೇಕು, ನಾಳೆ ನೆಲದ ಪಟ್ಟಾ ಬೇಕು — ಅವರ ಲೆಕ್ಕ ಅದು. ರಾಗಿ ಕೊಯ್ಲಿಗೆ ಬಂದಿದ್ದ ದಿನ ಕಾಳಮ್ಮ ಅವರ ಜಗಲಿಯ ಕೆಳಗೆ ನಿಂತು, ದನಿ ಏರಿಸದೆ ಹೇಳಿದಳು: "ನಾವು ಇಲ್ಲಿಲ್ಲ ಅಂತ ನೀವಂದ್ರೆ, ನಿಮ್ಮ ವಲದಲ್ಲೂ ನಾವಿಲ್ಲ ಸಾಮಿ." ಅವಳ ಹಿಂದೆ ನಿಂತಿದ್ದವರೆಲ್ಲ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗೌಡರು ಬಹಳ ಹೊತ್ತು ಎಲೆ ಅಡಿಕೆ ಜಗಿದರು. ಆ ವಾರದ ಸಭೆಯಲ್ಲಿ ಖಾಲಿ ಪುಟದ ಕೆಳಗೆ ಅವರ ರುಜು ಬಿತ್ತು, ನಾಲ್ಕು ಜನ ಸದಸ್ಯರದ್ದೂ ಬಿತ್ತು. ಪುಸ್ತಕವನ್ನು ನನ್ನ ಕಡೆ ತಳ್ಳಿ ಗೌಡರು ಅಂದರು: "ಇದೊಂದ್ಸಲ ಆಯ್ತು ಕಣಯ್ಯ. ಇನ್ನೊಂದ್ಸಲ ಈ ಇಸ್ಯಕ್ಕೆ ನನ್ ತಾವ್ಕೆ ಬರ್ಬ್ಯಾಡ."

ಆ ಪುಟವನ್ನು ನಾನು ಅವತ್ತೇ ತುಂಬಿಸಿದ್ದರೆ — ಆದರೆ ತುಂಬಿಸಲಿಲ್ಲ. ಸೋಮವಾರ ನೋಡೋಣ ಎಂದುಕೊಂಡೆ.

ಭಾನುವಾರ ಹುಣಸೂರಿನಲ್ಲಿ ಒಂದು ಸಭೆಯಿತ್ತು. ಪೂರ್ವ ಜರ್ಮನಿಯ ಸ್ನೇಹ ಸಂಘವೊಂದರ ಪರವಾಗಿ ಮೈಸೂರಿನ ವಕೀಲರೊಬ್ಬರು ಪಂಚಾಯಿತಿಯವರನ್ನೆಲ್ಲ ಕರೆಸಿದ್ದರು. ಕಿಟಕಿಗಳಿಗೆ ಕಂಬಳಿ ಕಟ್ಟಿ ಹಾಡುಹಗಲಲ್ಲೇ ಸಿನಿಮಾ ತೋರಿಸಿದರು: ಎತ್ತರೆತ್ತರದ ಮನೆಗಳು, ಹಾಲು ಕುಡಿಯುವ ಸ್ಕೂಲು ಮಕ್ಕಳು, ಕಾರ್ಖಾನೆಯಲ್ಲಿ ನಗುತ್ತಾ ಲೇತ್ ಯಂತ್ರ ತಿರುಗಿಸುವ ಹೆಂಗಸರು. ಆಮೇಲೆ ವಕೀಲರು ವಿವರಿಸಿದರು. ಯುದ್ಧದ ನಂತರ ಜರ್ಮನಿ ಎರಡಾಗಿದೆ, ಒಂದನ್ನು ಜಗತ್ತು ಒಪ್ಪಿದೆ, ಇನ್ನೊಂದನ್ನು, ಈ ಪೂರ್ವದ್ದನ್ನು, ದೇಶವೇ ಅಲ್ಲ ಎನ್ನುತ್ತಿದೆ. ನಮ್ಮ ಸರ್ಕಾರವೂ ಹಿಂದೆ ಮುಂದೆ ನೋಡುತ್ತಿದೆ. ಊರೂರಿನಿಂದ ನಿರ್ಣಯ ಹೋದರೆ ದಿಲ್ಲಿಯ ಮನಸ್ಸು ಬದಲಾಗುತ್ತದೆ. ಅವುಗಳನ್ನೆಲ್ಲ ಒಂದು ಪುಸ್ತಕ ಮಾಡಿ ಎಂ.ಪಿ.ಗಳ ಕೈಗೆ ಕೊಡುತ್ತಾರಂತೆ. ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯವರು ಆಗಲೇ ಕೊಟ್ಟಿದ್ದಾರಂತೆ. ಜಗತ್ತು ಒಪ್ಪಿದ್ದ ಜರ್ಮನಿಯ ಕಡೆಯವರೂ ಸುಮ್ಮನಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಅವರ ಕ್ಯಾಲೆಂಡರು ನಮ್ಮ ಕಚೇರಿಗೂ ಬಂತು, ಅದರ ಕಾಗದ ಇನ್ನೂ ಚೆನ್ನಾಗಿತ್ತು.

ವಕೀಲರು ನನ್ನನ್ನು ಪಕ್ಕಕ್ಕೆ ಕರೆದು ಕಾಫಿ ಕೊಡಿಸಿದರು. ನಿರ್ಣಯದ ನಕಲನ್ನು ಟೈಪು ಮಾಡಿಸಿಯೇ ತಂದಿದ್ದರು, ಪಂಚಾಯಿತಿಯ ಹೆಸರಿಗೆ ಮಾತ್ರ ಜಾಗ ಖಾಲಿ. ಸುಳ್ಳು ನಿರ್ಣಯಗಳೆಂದು ಎದುರಾಳಿಗಳು ಗುಲ್ಲೆಬ್ಬಿಸಿದ್ದರಿಂದ ನಡವಳಿ ಪುಸ್ತಕದಲ್ಲಿ ನಿಜವಾದ ರುಜುಗಳ ಮೇಲೆಯೇ ಇರಬೇಕು, ಪುಟದ ನಂಬರು ಬೇಕು, ಈ ವಾರವೇ ಬೇಕು ಎಂದರು. ಆಮೇಲೆ ಒಂದು ಮಾತು ಹೇಳಿದರು, ಇವತ್ತಿಗೂ ಕಿವಿಯಲ್ಲಿದೆ: "ಸೆಕ್ರೆಟರಿಗಳೇ, ದಿಲ್ಲಿಗೆ ದೇಶ ಕಾಣಿಸೋಲ್ಲ, ಕಾಗದ ಕಾಣಿಸುತ್ತೆ." ನಿಯೋಗವೊಂದು ಆ ದೇಶಕ್ಕೆ ಹೋಗಲಿದೆ, ಹಳ್ಳಿ ಕಡೆಯವರೊಬ್ಬರು ಬೇಕಾಗಿದ್ದಾರೆ ಎಂದೂ ಹೇಳಿದರು. ನನ್ನ ಕಡೆ ನೋಡಿ ಹೇಳಿದರೋ, ಸುಮ್ಮನೆ ಹೇಳಿದರೋ — ನಾನಂತೂ ನನ್ನ ಕಡೆ ನೋಡಿಯೇ ಹೇಳಿದರೆಂದುಕೊಂಡೆ.

ಸೋಮವಾರ ಬೆಳಿಗ್ಗೆ ಪುಸ್ತಕದಲ್ಲಿ ರುಜು ಬಿದ್ದಿದ್ದ ಖಾಲಿ ಪುಟ ಒಂದೇ ಇತ್ತು, ಹಾಡಿಯದು. ಅದರ ಮೇಲೆ ನಾನು ಪೂರ್ವ ಜರ್ಮನಿಗೆ ಭಾರತ ಸರ್ಕಾರ ಕೂಡಲೇ ಮಾನ್ಯತೆ ನೀಡಬೇಕೆಂದು ಈ ಪಂಚಾಯಿತಿ ಒಮ್ಮತದಿಂದ ಆಗ್ರಹಿಸುತ್ತದೆ ಎಂದು ದುಂಡಗೆ ಬರೆದೆ.

ಯಾಕೆ ಬರೆದೆ? ಇದನ್ನೇ ಇಷ್ಟು ವರ್ಷ ಕೇಳಿಕೊಳ್ಳುತ್ತಿದ್ದೇನೆ. ವಿಮಾನ ಹತ್ತುವ ಆಸೆಯೇ? ಇರಬೇಕು. ಆ ಹಾಲು ಕುಡಿಯುವ ಮಕ್ಕಳನ್ನು ನಂಬಿದ್ದೆನೇ? ನಂಬಿದ್ದೆ ಎಂದೂ ತೋರುತ್ತದೆ. ಜಗತ್ತೆಲ್ಲ ‘ಇಲ್ಲ’ ಎನ್ನುವವರಿಗೆ ನಾವು ‘ಇದ್ದೀರಿ’ ಎಂದರೆ ತಪ್ಪೇನು ಎಂದು ಅವತ್ತು ನಿಜವಾಗಿ ಅನ್ನಿಸಿತ್ತು — ಆದರೆ ಅದೇ ಮಾತು ಕೇಳಿಕೊಂಡು ಕಾಳಮ್ಮ ಮೂರು ತಿಂಗಳಿನಿಂದ ನನ್ನ ಬಾಗಿಲಿಗೆ ಬರುತ್ತಿದ್ದಳಲ್ಲ! ಒಂದನ್ನು ಬರೆಯುವಾಗ ಇನ್ನೊಂದು ಹೇಗೆ ಮರೆಯಿತು? ಮರೆಯಲಿಲ್ಲ. ಮುಂದಿನ ಸಭೆಯಲ್ಲಿ ಇನ್ನೊಂದು ಪುಟಕ್ಕೆ ರುಜು ಹಾಕಿಸಿದರಾಯಿತು ಎಂದುಕೊಂಡೆ. ಗೌಡರು ಆಡಿದ ಮಾತು ಗೊತ್ತಿದ್ದೂ ಹಾಗೆ ಅಂದುಕೊಂಡೆ. ಮುಂದಿನ ಸಭೆ ನಡೆಯಲೇ ಇಲ್ಲ, ಪಂಚಾಯಿತಿಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದು ಕೂತರು.

ಕಾಳಮ್ಮ ಬಂದು ಕೇಳಿದಳು. ನಾನು ತಲೆ ಎತ್ತದೆ ಹೇಳಿದೆ: "ಕಾಗದ ಹೋಗಿದೆ ಕಣಮ್ಮ. ದೊಡ್ಡ ಜಾಗಕ್ಕೇ ಹೋಗಿದೆ." ಸುಳ್ಳಲ್ಲವೆಂದು ಸಮಾಧಾನ ಮಾಡಿಕೊಂಡೆ. ಸುಳ್ಳಿಗಿಂತ ಹೊಲಸು ಮಾತು ಅದು. ಅವಳು ಒಂದು ದೊನ್ನೆ ಜೇನು ಮೇಜಿನ ಮೇಲಿಟ್ಟು ಹೋದಳು. ನಾನು ಅದನ್ನು ಮನೆಗೆ ಒಯ್ದೆ.

ವಕೀಲರ ಪುಸ್ತಕ ಬಂತು. ನಮ್ಮ ಪಂಚಾಯಿತಿಯ ಹೆಸರು, ಕೆಳಗೆ ನನ್ನ ಹೆಸರು, ಅಚ್ಚಾಗಿತ್ತು. ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯ ಹೋಟೆಲಿನಲ್ಲಿ ಕಂಡಕಂಡವರಿಗೆ ತೋರಿಸಿದೆ. ನಿಯೋಗದ ಮಾತು ಮಾತ್ರ ಮತ್ತೆ ಯಾರೂ ಎತ್ತಲಿಲ್ಲ.

ತೆರವು ಮಾಡಿಸುವ ಅಧಿಕಾರಿ ಜೀಪಿನಲ್ಲಿ ಬಂದಾಗ ಕಾಳಮ್ಮ ಹೆದರಲಿಲ್ಲ. ಸೆಕ್ರೆಟರಿಗಳು ಕಾಗದ ಕಳಿಸಿದ್ದಾರೆ, ಅವರನ್ನೇ ಕೇಳಿ ಎಂದಳಂತೆ. ಅಧಿಕಾರಿ ಅವಳನ್ನೂ ಕರೆದುಕೊಂಡು ಕಚೇರಿಗೇ ಬಂದರು. ನಾನು ನಡವಳಿ ಪುಸ್ತಕವನ್ನು ಹುಡುಕುವವನಂತೆ ಮಗುಚಿದೆ. ಆ ಪುಟವನ್ನು ಎರಡು ಸಲ ದಾಟಿದೆ. ಆಮೇಲೆ ಹೇಳಿದೆ: "ಅಂಥದ್ದು ಯಾವುದೂ ಇಲ್ಲ ಸಾರ್." ಕಾಳಮ್ಮ ನನ್ನ ಮುಖ ನೋಡಿದಳು. ಬೈಯಲಿಲ್ಲ. ನನಗೇನೋ ಮರೆತುಹೋಗಿದೆ, ಈಗ ನೆನಪಾಗುತ್ತದೆ ಎನ್ನುವಂತೆ ಕಾಯುತ್ತಾ ನಿಂತಿದ್ದಳು. ವಾರದೊಳಗೆ ಇಪ್ಪತ್ತೆರಡು ಗುಡಿಸಲುಗಳ ಜನವನ್ನು ಲಾರಿಯಲ್ಲಿ ತಂದು ರಸ್ತೆ ಬದಿಯ ಬಯಲಿನಲ್ಲಿ ಇಳಿಸಿದರು. ಅವಳ ತಂದೆ ಆ ಮಳೆಗಾಲವನ್ನು ದಾಟಲಿಲ್ಲ.

ಕೆಲವು ವರ್ಷಕ್ಕೆ ಭಾರತ ಆ ದೇಶವನ್ನು ಒಪ್ಪಿಕೊಂಡಿತು. ವಕೀಲರಿಂದ ಅಭಿನಂದನೆಯ ಕಾರ್ಡು ಬಂತು. ನಮ್ಮ ಒಂದು ಪುಟದಿಂದ ಒಪ್ಪಿತೋ, ಆ ಪುಟವಿಲ್ಲದಿದ್ದರೂ ಒಪ್ಪುತ್ತಿತ್ತೋ — ಒಪ್ಪುತ್ತಿತ್ತು ಎಂದೇ ನನ್ನ ಅನುಮಾನ. ಇನ್ನೂ ಹಲವು ವರ್ಷಗಳ ಮೇಲೆ ಒಂದು ಸಂಜೆ ರೇಡಿಯೋದಲ್ಲಿ ಕೇಳಿದೆ: ಎರಡು ಜರ್ಮನಿಗಳು ಒಂದಾದವು, ಆ ದೇಶ ಇನ್ನಿಲ್ಲ. ನಾನು ಎದ್ದು ಹೊರಗೆ ಹೋದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈಗ ಕಾಡಿನ ಜನಕ್ಕೆ ಅವರ ಹಳೆಯ ನೆಲದ ಹಕ್ಕು ಕೊಡುವ ಕಾನೂನು ಬಂದಿದೆ. ಕಾಳಮ್ಮನ ಮೊಮ್ಮಗಳು, ಓದಿದ ಹುಡುಗಿ, ಅರ್ಜಿ ಹಿಡಿದು ನನ್ನ ಮನೆಗೆ ಬಂದಳು. ಹಾಡಿ ಅಲ್ಲಿತ್ತೆಂದು ಹಿರಿಯರ ಹೇಳಿಕೆ ಬೇಕಂತೆ. ಅಜ್ಜಿಯೇ ನನ್ನ ಹೆಸರು ಹೇಳಿ ಕಳಿಸಿದ್ದಳು. ಇನ್ನೂ ನನ್ನ ಹೆಸರನ್ನೇ — ಇದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಮಾರನೆಯ ದಿನವೇ ಹೋದೆ. ಕಾಳಮ್ಮ ಗುಡಿಸಲ ಮುಂದೆ ಬಿಸಿಲಿಗೆ ಕೂತಿದ್ದಳು, ಕಣ್ಣು ಮಂಜಾಗಿತ್ತು. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಪುಟವನ್ನು ಹೇಳಿದೆ, ದೇಶವನ್ನು ಹೇಳಿದೆ, ಅಧಿಕಾರಿಯ ಮುಂದೆ ನಾನಾಡಿದ ಮಾತನ್ನು ಹೇಳಿದೆ. ಅವಳು ಬೈದರೆ ಸಾಕೆಂದು ಕಾಯುತ್ತಿದ್ದೆ. ಕೊನೆಗೆ ಕೇಳಿದಳು: "ಆ ದೇಸ್ದೋರ್ಗಾದ್ರೂ ಜಾಗ ಉಳೀತಾ ಸಾಮಿ?"

ಇಲ್ಲ ಕಣಮ್ಮ, ಆ ದೇಶವೇ ಈಗಿಲ್ಲ ಎಂದೆ.

"ಅಂಗಾರೆ ಯಾರ್ಗೂ ಸಿಗ್ನಿಲ್ಲ ಅನ್ನಿ" ಅಂದಳು. ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ನಾಳಿದ್ದು ಆ ಅರ್ಜಿಯ ಮೇಲೆ ಗ್ರಾಮಸಭೆ. ಹಳೆಯ ನಡವಳಿ ಪುಸ್ತಕ ಪಂಚಾಯಿತಿಯ ಬೀರುವಿನಲ್ಲಿ ಇನ್ನೂ ಇದೆ, ನೋಡಿಬಂದೆ. ಗೌಡರ ಮೊಮ್ಮಕ್ಕಳು ಅಲ್ಲಿರುತ್ತಾರೆ, ನನ್ನ ಮಕ್ಕಳೂ ಇರುತ್ತಾರೆ. ಎಲ್ಲರ ಮುಂದೆ ಆ ಪುಟವನ್ನು ತೆರೆದು ಹೇಳುತ್ತೇನೆ: ಈ ರುಜುಗಳು ಬಿದ್ದದ್ದು ಹಾಡಿಗೆ. ಹಾಡಿ ಅಲ್ಲಿತ್ತು. ಇಲ್ಲವೆಂದವನು ನಾನು.